ಅಕ್ಕ ಕೂತು ನೋಡಿದ ಸೋಫಾ

ಬಟ್ಟೆ ಅಂಗಡಿಯ ಅಕ್ಕನಿಗೆ ಸಿಟ್ಟು ಬರಿಸುವುದು ಸುಲಭವಲ್ಲ. ಒಂದು ಥಾನು ಬಿಚ್ಚಿಸಿ, ಇನ್ನೊಂದು ಬಿಚ್ಚಿಸಿ, ಕೌಂಟರಿನ ಮೇಲೆ ಬಟ್ಟೆಯ ಗುಡ್ಡವನ್ನೇ ಎಬ್ಬಿಸಿ, ಕೊನೆಗೆ ಒಂದು ಕರವಸ್ತ್ರವನ್ನೂ ಕೊಳ್ಳದೆ ಎದ್ದು ಹೋಗುವ ಗಿರಾಕಿಗಳನ್ನು ನಗುನಗುತ್ತಲೇ ಬೀಳ್ಕೊಟ್ಟವಳು ಅವಳು. ಅಂಥವಳಿಗೆ ಮೈಯೆಲ್ಲ ಉರಿದದ್ದು ಯಾರೋ ಬೈದಾಗಲ್ಲ, ಹೊಗಳಿದಾಗ.

ಅವಳು ಕೆಲಸ ಬಿಡುವ ದಿನ ಮಾಲೀಕರು ಎಲ್ಲರನ್ನೂ ಸೇರಿಸಿ, ಗಂಟಲು ಸರಿಮಾಡಿಕೊಂಡು, "ಇಷ್ಟು ವರ್ಷದಲ್ಲಿ ಅಕ್ಕ ಒಂದೇ ಒಂದು ದಿನ ಕೂತಿದ್ದನ್ನ ನಾನು ನೋಡಿಲ್ಲ. ಅಂಥವರು ಈಗ ಎಲ್ಲಿ ಸಿಗ್ತಾರೆ ಹೇಳಿ?" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಲೀಕರು ಇದನ್ನು ಕುರ್ಚಿಯಲ್ಲಿ ಕೂತೇ ಹೇಳಿದ್ದರು. ಅಕ್ಕ ನಿಂತೇ ಕೇಳಿದ್ದಳು.

ಕೂರಲಿಲ್ಲವಂತೆ! ಕೂರಲು ಏನಿತ್ತು ಅಲ್ಲಿ? ಕೌಂಟರಿನ ಈಚೆ ಗಿರಾಕಿಗಳಿಗೆ ಮರೂನ್ ಬಣ್ಣದ ವೆಲ್ವೆಟ್ ಹೊದಿಸಿದ, ಕೆತ್ತನೆಯ ಕೈಗಳಿದ್ದ ಹಳೆಯ ಕಾಲದ ಸೋಫಾ. ಆಚೆ ಕೆಲಸದವರಿಗೆ ಬರೀ ನೆಲ. ಹಿಂದೊಮ್ಮೆ ಒಂದು ಸ್ಟೂಲು ಕೇಳಿದ ಕೆಲಸದವಳೊಬ್ಬಳನ್ನು ಮಾಲೀಕರ ಅಪ್ಪ, ಆಗಿನ ಯಜಮಾನರು, "ಮನೇಲಿ ಕೂತ್ಕೋ ಹೋಗು" ಎಂದು ಕಳಿಸಿಬಿಟ್ಟಿದ್ದರು. ಅಂದಿನಿಂದ ಕೌಂಟರಿನ ಹೆಂಗಸರು ತಮ್ಮದೇ ವಿದ್ಯೆ ಕಲಿತರು. ಒಂದು ಪಾದವನ್ನು ಚಪ್ಪಲಿಯಿಂದ ಮೆಲ್ಲಗೆ ಬಿಡಿಸಿ ತಣ್ಣನೆಯ ನೆಲಕ್ಕೆ ಒತ್ತುವುದು, ಮೈಭಾರವೆಲ್ಲ ಇನ್ನೊಂದರ ಮೇಲೆ, ಆಮೇಲೆ ಅದಲುಬದಲು. ತೀರಾ ಆಗದಿದ್ದರೆ ಕೆಳಗಿನ ಅರೆಯಲ್ಲಿ ಬಟ್ಟೆ ಹುಡುಕುವ ನೆಪದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಡುವುದು. ಎದುರಿನ ಸೋಫಾದಲ್ಲಿ ಗಿರಾಕಿಗಳು ಕಾಲು ಚಾಚಿ ಒರಗಿಕೊಂಡು, "ಅವಸರ ಏನಿದೆ, ಇನ್ನೂ ನೋಡ್ತಾ ಇದ್ದೀವಿ" ಎನ್ನುತ್ತಿದ್ದರು. ಆ ಸೋಫಾದ ಧೂಳನ್ನು ದಿನಾ ಬೆಳಿಗ್ಗೆ ಒರೆಸುತ್ತಿದ್ದವಳು ಅಕ್ಕ. ಅದರ ನವಿರು ಅವಳ ಅಂಗೈಗೆ ಬಾಯಿಪಾಠವಾಗಿತ್ತು, ಮಿಕ್ಕ ಮೈಗೆ ಅದರ ಪರಿಚಯವೇ ಇರಲಿಲ್ಲ.

ಮನೆಯಲ್ಲಾದರೂ ಏನು ಮಹಾ! ತಾಯಿ ಇಬ್ಬರಿಗೂ ಬಿಟ್ಟುಹೋದ ಮನೆಯಲ್ಲಿ ಅವಳು, ತಮ್ಮ, ತಮ್ಮನ ಹೆಂಡತಿ. ತಮ್ಮನದು ಆಫೀಸಿನ ಕುರ್ಚಿ ಕೆಲಸ. ಮನೆಗೆ ಬಂದರೆ ಟಿವಿ ಮುಂದಿನ ಬೆತ್ತದ ಸೋಫಾದಲ್ಲಿ ಅಡ್ಡಡ್ಡ ಬೀಳುವುದು. ಅಕ್ಕ ಅದರ ಕೈಯ ಮೇಲೆ ಒಂದು ಪಕ್ಕ ಊರಿಕೊಂಡು ಚಹಾ ಕುಡಿಯುತ್ತಿದ್ದಳು, ಅಡುಗೆ ಕಟ್ಟೆಗೆ ಒರಗಿ ನಿಂತೇ ಊಟ ಮುಗಿಸುತ್ತಿದ್ದಳು. ಈಗ ಆ ಬೆತ್ತ ಹರಿದು ಜೋತುಬಿದ್ದಿತ್ತು. ತಮ್ಮ ಹೊಸ ಸೆಟ್ಟಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ.

"ಗೋಡೆಯಿಂದ ಗೋಡೆಗೆ ಬರುತ್ತೆ ಅಕ್ಕ. ಜೊತೆಗೆ ಒಂದು ಮೆತ್ತನೆ ಸ್ಟೂಲು ಫ್ರೀ. ಅದು ನಿಂಗೆ."

"ನಂಗೆ ಸ್ಟೂಲಾ?"

"ನೀನು ಎಲ್ಲಿ ಕೂರ್ತೀಯ ಬಿಡು!"

ತಮ್ಮ ಕೆಟ್ಟವನಲ್ಲ, ಕಣ್ಣಿಗೆ ಕಂಡದ್ದನ್ನು ಹೇಳಿದ ಅಷ್ಟೆ. ಆದರೆ ಮಾಲೀಕರ ಹೊಗಳಿಕೆ ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದ ಅಕ್ಕನಿಗೆ ಈ ಮಾತು ನೆತ್ತಿಗೇರಿತು. "ಹಾಲ್‌ಗೆ ಸೋಫಾ ನಾನು ತರ್ತೀನಿ. ನಾನು ಆರಿಸಿದ್ದು. ಅದರಲ್ಲಿ ಮೊದಲು ಕೂರೋಳು ನಾನು," ಎಂದಳು. ತಮ್ಮನ ಹೆಂಡತಿ ಟಿವಿಯ ಸದ್ದನ್ನೇ ತಗ್ಗಿಸಿದಳು. ಆ ಮನೆಯಲ್ಲಿ ಅಕ್ಕ "ನಾನು" ಎಂದು ಮೂರು ಸಲ ಒಟ್ಟಿಗೆ ಹೇಳಿದ್ದು ಅದೇ ಮೊದಲು.

ಅಕ್ಕ ಹುಡುಕಿಕೊಂಡು ಹೋದ ಹಳೇ ಪೀಠೋಪಕರಣದ ಅಂಗಡಿ ಒಂದು ಉದ್ದನೆಯ ಗೋದಾಮು. ಕುರ್ಚಿಗಳ ಮೇಲೆ ಕುರ್ಚಿ, ಬೆಂಚುಗಳ ಬೆನ್ನಿಗೆ ಬೆಂಚು, ಎಲ್ಲದರ ಮೇಲೂ 'ದಯವಿಟ್ಟು ಕೂರಬೇಡಿ' ಎಂಬ ರಟ್ಟಿನ ಚೀಟಿ. ಅಂಗಡಿಯ ಕೆಲಸದಾಕೆ, ಹೆಚ್ಚುಕಡಿಮೆ ನಲವತ್ತರ ಹೆಂಗಸು, ಧೂಳು ಒರೆಸುವ ಬಟ್ಟೆ ಹಿಡಿದು ಹಿಂದೆ ಹಿಂದೆಯೇ ಬಂದಳು. ಒಂದು ಮೂಲೆಯಲ್ಲಿ ಅಕ್ಕ ಗಕ್ಕನೆ ನಿಂತಳು. ಮರೂನ್ ವೆಲ್ವೆಟ್, ಕೆತ್ತನೆಯ ಕೈಗಳು. ಅದೇ ಅಲ್ಲದಿದ್ದರೂ ಅದರ ಒಡಹುಟ್ಟಿದ್ದೆನ್ನಬೇಕು.

ಅಕ್ಕ ಪರೀಕ್ಷೆಗೆ ಇಳಿದಳು. ವೆಲ್ವೆಟ್ಟಿನ ನವಿರು ಎಳೆಗಳನ್ನು ಎದುರುಮುಖವಾಗಿ ಸವರಿ ಬಣ್ಣ ಗಾಢವಾಗುವುದನ್ನು ನೋಡಿದಳು. ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತೀಡಿದಳು. ಹೊಲಿಗೆ ಗೆರೆ ಎಳೆದ ಹಾಗೆ ನೇರ, ಬಟ್ಟೆ ಅಪ್ಪಟ ಹತ್ತಿ. "ಇದೇ," ಎಂದಳು. ಕೆಲಸದಾಕೆ ತಗ್ಗಿದ ದನಿಯಲ್ಲಿ, "ಅಮ್ಮಾ, ಒಂದ್ಸಲ ಕೂತು..." ಎನ್ನುತ್ತಿದ್ದಂತೆ ಅಂಗಡಿಯವನು ಆಚೆಯಿಂದ ಕಣ್ಣುಬಿಟ್ಟ. ಅವಳು ಮತ್ತೆ ಧೂಳು ಒರೆಸತೊಡಗಿದಳು. ಕೂತು ನೋಡಬೇಕು ಎಂಬುದು ಅಕ್ಕನ ತಲೆಗೂ ಹೊಳೆಯಲಿಲ್ಲ. ಅಂಗಡಿ ಎಂದರೆ ನಿಲ್ಲುವ ಜಾಗ ಎಂದು ಅವಳ ಕಾಲುಗಳು ತಾವೇ ತೀರ್ಮಾನ ಮಾಡಿದ್ದವು.

ಸೋಫಾ ಮನೆಗೆ ಬಂತು. ಅಕ್ಕ ಎರಡು ಲೋಟ ಚಹಾ ಮಾಡಿ ತಮ್ಮನಿಗೊಂದು ಕೊಟ್ಟು, ತನ್ನದನ್ನು ಹಿಡಿದು ಠೀವಿಯಿಂದ ಬಂದು ಕೂತಳು.

ಕೂತಳು ಎನ್ನುವುದೇ ತಪ್ಪು, ಮುಳುಗಿದಳು. ಒಳಗಿನ ಪಟ್ಟಿಗಳು ಲೊಟಕ್ಕೆಂದು ಬಿಟ್ಟುಕೊಂಡು, ಸ್ಪ್ರಿಂಗು ಕಿರ್ರೆಂದು, ಅಕ್ಕನ ಮಂಡಿ ಗದ್ದಕ್ಕೆ ಬಂತು, ಚಹಾ ಮಡಿಲಿಗೆ ಬಂತು. ಏಳಲು ಕೈಹಿಡಿ ಒತ್ತಿದರೆ ಅದೂ ಕಿತ್ತು ಕೈಗೇ ಬಂತು. ಮುರಿದ ಜಾಗದಿಂದ ಹುಳು ಕೊರೆದ ಮರದ ಪುಡಿ ಸುರಿಯಿತು. ತಮ್ಮ ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಗಂಡಹೆಂಡತಿ ಇಬ್ಬರೂ ಎರಡು ಕೈ ಹಿಡಿದು ಬಾವಿಯಿಂದ ಕೊಡ ಎಳೆದ ಹಾಗೆ ಅವಳನ್ನು ಎಳೆದು ನಿಲ್ಲಿಸಬೇಕಾಯಿತು.

"ಹೇಳಿದ್ನಲ್ಲ! ನಿಂಗ್ಯಾಕೆ ಬೇಕಿತ್ತು ಇದೆಲ್ಲ?" ಎಂದ ತಮ್ಮ.

ಅಕ್ಕನಿಗೆ ಅಳು ಬಂದಿತ್ತು. ಚಹಾ ಸುಟ್ಟದ್ದಕ್ಕಲ್ಲ. ಬಟ್ಟೆಯ ವಿಷಯದಲ್ಲಿ ಯಾರೂ ಟೋಪಿ ಹಾಕಲಾಗದ ತನಗೆ ಬಟ್ಟೆಯೇ ಮೋಸ ಮಾಡಿತಲ್ಲ ಎಂದು. ತನ್ನ ಮೈಯನ್ನು ತಾನೇ ಒಂದು ಮಾತು ಕೇಳಲಿಲ್ಲವಲ್ಲ ಎಂದು. ಸೀರೆಯ ನೆರಿಗೆ ಒರೆಸಿಕೊಂಡು ಹೇಳಿದಳು: "ನಾಳೆ ವಾಪಸ್ ಕೊಟ್ಟು ಬೇರೆ ತರ್ತೀನಿ."

"ಆಯ್ತು, ನಾನೂ ಬರ್ತೀನಿ. ನಾಳೆ ಸಿಗಲಿಲ್ಲ ಅಂದ್ರೆ ನಾನು ತೋರಿಸಿದ ಸೆಟ್ಟೇ. ಆಮೇಲೆ ಮಾತಿಲ್ಲ."

"ಮಾತಿಲ್ಲ," ಎಂದಳು ಅಕ್ಕ.

ಮರುದಿನ ಮುರಿದ ಕೈಹಿಡಿಯನ್ನು ಕಂಡ ಅಂಗಡಿಯವನು ಮುಖ ಹುಳ್ಳಗೆ ಮಾಡಿಕೊಂಡು, ಅದೇ ಬೆಲೆಯ ಬೇರೆ ಯಾವುದನ್ನಾದರೂ ಒಯ್ಯಿರಿ ಎಂದ. ಅಕ್ಕ ಮೊದಲ ಕುರ್ಚಿಯ ಮೇಲಿದ್ದ 'ದಯವಿಟ್ಟು ಕೂರಬೇಡಿ' ಚೀಟಿಯನ್ನು ಎತ್ತಿ ಅವನ ಕೈಗೆ ಕೊಟ್ಟು, ಕೂತಳು.

"ಅಮ್ಮಾ, ಹಳೇ ಸಾಮಾನು, ಸೂಕ್ಷ್ಮ..."

"ನಾನೂ ಹಳಬಳೇ. ನಾನು ಸೂಕ್ಷ್ಮ ಅಲ್ವಾ?"

ಆಮೇಲೆ ಅವಳು ಯಾರಿಗೂ ಸೊಪ್ಪು ಹಾಕಲಿಲ್ಲ. ಒಂದೊಂದೇ ಚೀಟಿ ತೆಗೆಯುವುದು, ಕೂರುವುದು, ಕಣ್ಣು ಮುಚ್ಚುವುದು. ಆರಾಮಕುರ್ಚಿಯಲ್ಲಿ ಒರಗಿದರೆ ಪಾದ ನೆಲಕ್ಕೆ ಎಟುಕಲಿಲ್ಲ. "ಇದು ಎತ್ತರದ ಗಂಡಸಿಗೆ ಮಾಡಿದ್ದು," ಎಂದು ಎದ್ದಳು. ಹೂವಿನ ಬಟ್ಟೆಯ ದಪ್ಪ ಕುರ್ಚಿ ಮೆತ್ತಗಿತ್ತು, ಆದರೆ ಸೊಂಟವನ್ನು ನಡುನೀರಲ್ಲಿ ಕೈಬಿಟ್ಟಿತು. ಯಾವುದೋ ಕಾಯುವ ಕೋಣೆಯಿಂದ ಬಂದ ಉದ್ದ ಬೆಂಚು ಬೆನ್ನನ್ನು ಗೋಡೆಗೆ ನಿಲ್ಲಿಸಿ ಶಿಕ್ಷೆ ಕೊಟ್ಟ ಹಾಗಿತ್ತು. ಪ್ರತಿಯೊಂದರಿಂದ ಏಳುವಾಗಲೂ ಕೈಹಿಡಿಯನ್ನು ಬೇಕೆಂದೇ ಬಲವಾಗಿ ಒತ್ತಿದಳು. ಮೂಲೆ ಎತ್ತಿ ಅಲುಗಾಡಿಸಿದಳು, ಬಗ್ಗಿ ಅಡಿಯಲ್ಲಿ ಮರದ ಪುಡಿ ಉದುರಿದೆಯೇ ಎಂದು ನೋಡಿದಳು. ತಮ್ಮ ಗಡಿಯಾರ ನೋಡಿಕೊಂಡ, ಅಂಗಡಿಯವನು ತಲೆ ಕೆರೆದುಕೊಂಡ. ಅವಳು ಎರಡನ್ನೂ ಕಂಡಳು, ಕಾಣದವಳಂತೆ ಮುಂದಿನದಕ್ಕೆ ಹೋದಳು.

ಕೊನೆಗೆ ಗೋದಾಮಿನ ಹಿಂಬದಿಯಲ್ಲಿ ಒಂದು ಇಬ್ಬರ ಸೋಫಾ. ನೋಡಲು ದರಿದ್ರ. ಹಳದಿಯೋ ಹಸಿರೋ ಎಂದು ಹೇಳಲಾಗದ ಬಟ್ಟೆ, ಅಲ್ಲಲ್ಲಿ ಹರಿದದ್ದು. ತನ್ನ ಕೌಂಟರಿನಲ್ಲಾದರೆ ನೆಲ ಒರೆಸಲೂ ಕೊಡುತ್ತಿರಲಿಲ್ಲ. ಕೆತ್ತನೆ ಇಲ್ಲ, ಬೆಡಗಿಲ್ಲ. ಅಕ್ಕ ಕೂತಳು. ಪಾದಗಳು ಎರಡೂ ನೆಲ ಮುಟ್ಟಿದವು. ಸೊಂಟಕ್ಕೆ ಬೆನ್ನು ಸಿಕ್ಕಿತು. ಮೊಣಕೈಗೆ ಮರ ಸಿಕ್ಕಿತು, ಅಲುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದಾಗ ಎದುರಿಗೆ ತಮ್ಮ ಮೂಗು ಮುರಿಯುತ್ತಾ ನಿಂತಿದ್ದ.

"ಇದಾ? ಇದರ ಬಟ್ಟೆ ನೋಡಿದ್ಯಾ?"

"ಬಟ್ಟೆ ನನಗೆ ಬಿಡು. ಅದನ್ನ ನಾನು ಬದಲಾಯಿಸಬಲ್ಲೆ. ನನ್ನ ಸೊಂಟ ಬದಲಾಯಿಸೋಕೆ ನಿನ್ನ ಕೈಲಾಗುತ್ತಾ?"

ತಮ್ಮನ ಹಿಂದೆ ಕೆಲಸದಾಕೆ ನಿಂತಿದ್ದಳು. ಅಕ್ಕನ ಕಣ್ಣು ಅವಳ ಪಾದಕ್ಕೆ ಹೋಯಿತು. ಒಂದು ಕಾಲು ಚಪ್ಪಲಿಯಿಂದ ಹೊರಬಂದು ತಣ್ಣನೆಯ ನೆಲಕ್ಕೆ ಒತ್ತಿಕೊಂಡಿತ್ತು, ಭಾರವೆಲ್ಲ ಇನ್ನೊಂದರ ಮೇಲೆ. ಇಷ್ಟೊಂದು ಕುರ್ಚಿ, ಇಷ್ಟೊಂದು ಸೋಫಾಗಳ ನಡುವೆ! ಅಕ್ಕನಿಗೆ ಸಿಟ್ಟು ಬಂತು.

"ಬಾರಮ್ಮ, ಇಲ್ಲಿ ಕೂತ್ಕೋ."

ಅಂಗಡಿಯವನು ಓಡಿಬಂದ. "ಅಮ್ಮಾ, ಅವಳು ಕೆಲಸದವಳು, ಅವಳು ಕೂರೋ ಹಾಗಿಲ್ಲ."

"ಇದು ಇಬ್ಬರ ಸೋಫಾ ತಾನೇ? ಒಬ್ಬಳೇ ಕೂತು ಹೇಗೆ ನೋಡ್ಲಿ? ಒಂದ್ಸಲ ಕೂತು ನೋಡದೆ ತಗೊಂಡಿದ್ದಕ್ಕೆ ನೀವು ಎಂಥದ್ದು ಕೊಟ್ರಿ ಅಂತ ಗೊತ್ತಾಯ್ತಲ್ಲ."

ಅಂಗಡಿಯವನು ಮುರಿದ ಕೈಹಿಡಿಯತ್ತ ನೋಡಿ ಪಕ್ಕಕ್ಕೆ ಸರಿದ. ತಮ್ಮ, "ಅಷ್ಟೇ ತಾನೇ, ನಾನು ಕೂರ್ತೀನಿ ಬಿಡು," ಎಂದು ಮುಂದೆ ಬಂದ.

"ನೀನು ಹುಟ್ಟಿದಾಗಿಂದ ಕೂತಿದ್ದೀಯ. ಸ್ವಲ್ಪ ಹೊತ್ತು ನಿಂತ್ಕೋ."

ಕೆಲಸದಾಕೆ ಬಂದು ಅಂಚಿನಲ್ಲಿ ಒಂಚೂರು ಊರಿಕೊಂಡಳು, ಯಾವಾಗ ಬೇಕಾದರೂ ಏಳುವವಳಂತೆ. ಆ ಕೂರುವಿಕೆ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. "ಹಾಗಲ್ಲ. ಒರಗಿಕೋ. ಕಾಲು ಚಾಚು," ಎಂದಳು. ಆಕೆ ಯಜಮಾನನ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು, ಆಮೇಲೆ ಮೆಲ್ಲಗೆ ಹಿಂದಕ್ಕೆ ಒರಗಿದಳು. ಮಡಿಲಲ್ಲಿದ್ದ ಧೂಳಿನ ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳ ಕೈಯನ್ನು ಅಕ್ಕ ತಡೆದಳು.

"ಹೇಗಿದೆ?"

"ದಿನಾ ಒರೆಸ್ತೀನಿ ಅಮ್ಮಾ," ಎಂದಳು ಆಕೆ. "ಹೀಗಿರುತ್ತೆ ಅಂತ ಗೊತ್ತಿರ್ಲಿಲ್ಲ."

ತಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಅಂಗಡಿಯವನು ಒಂದಷ್ಟು ಹೊತ್ತು ತಡೆದುಕೊಂಡು, ಕೈ ಹೊಸಕಿಕೊಳ್ಳುತ್ತಾ ಕೇಳಿದ, "ಅಮ್ಮಾ, ಇದೇ ತಾನೇ? ಗಾಡಿಗೆ ಹಾಕಿಸ್ಲಾ?"

ಅಕ್ಕ ಕಾಲು ಚಾಚಿ, ಕತ್ತನ್ನು ಸೋಫಾದ ಬೆನ್ನಿಗೆ ಆನಿಸಿದಳು.

"ಅವಸರ ಏನಿದೆ?" ಎಂದಳು. "ಇನ್ನೂ ನೋಡ್ತಾ ಇದ್ದೀವಿ."