ಹೊಟ್ಟಿ ನೋವು ಎತ್ತಿಗೆ, ಮಂಚ ನನಗ

ಮುಧೋಳದ ಬೇಟಿ ನಾಯಿ ಓಡಿ ಸೋತಲ್ಲಿ ನಡದು ಗೆದ್ದಾವ ನಾನು. ಆದ್ರೂ ಆ ವರ್ಷ ಎದಿ ತಾಳ ತಪ್ಪಿ, ಜಮಖಂಡಿ ದವಾಖಾನಿ ಡಾಕ್ಟರು ದಿನಾ ಕುಡಿಯಾಕ ಹನಿ ಔಷಧ ಕೊಟ್ಟಿದ್ರು.

ಸೀರಿ ಮಾರಾಕ ಚಕ್ಕಡ್ಯಾಗ ಗಂಟು ಹೇರಿಕೊಂಡು ಬೀಳಗಿಗೆ ಹೊಂಟಾಗ ದಾರ್‍ಯಾಗ ಹೊಟ್ಟಿ ಹಿಂಡಾಕತ್ತು. ಅನಗವಾಡಿಯ ಮುದುಕಿಯೊಬ್ಬಳು ನನ್ನೆದುರಿಗೇ ಔಷಧ ಕುಟ್ಟಿ, ಬೆಲ್ಲದಾಗ ಉಂಡಿ ಕಟ್ಟಿ ಕೊಟ್ಲು. "ತಮ್ಮಾ, ಏನ ತಿಂದಿ ಅಂತ ಯಾರಿಗೂ ಹೇಳಬ್ಯಾಡ. ಹೇಳಿದ್ರ ಮದ್ದಿನ ಗುಣಾ ಹೋಕ್ಕೈತಿ," ಅಂದ್ಲು. ಹೇಳೂದಿಲ್ಲಂತ ಮಾತು ಕೊಟ್ಟು ಉಂಡಿ ನುಂಗಿದೆ.

ನೋವು ಹೋತು. ಆದ್ರ ಬಾಯಿ ಒಣಗಿ, ಕಣ್ಣು ಮಂಜಾಗಿ, ಎದಿ ಬನಹಟ್ಟಿ ಮಗ್ಗದ ಲಾಳಿ ಹಂಗ ಓಡಾಕತ್ತು. ಆ ಸಪ್ಪಳಕ್ಕ ಚಕ್ಕಡಿ ಎತ್ತು ಬೆದರಿ ಜಮಖಂಡಿತನಕ ನಿಲ್ಲಲಿಲ್ಲ!

ಡಾಕ್ಟರು ನಾಡಿ ಹಿಡದು ಗಾಬರಿಯಾದ್ರು. "ಹನಿ ಜೋಡಿ ಮತ್ತೇನ ತಿಂದ್ರಿ? ಹೇಳ್ರಿ, ಜೀವಕ್ಕ ಕುತ್ತೈತಿ."

"ಏನೂ ಇಲ್ರೀ ಸಾಹೇಬ್ರ."

ಮೂರು ಸಲ ಕೇಳಿದ್ರು. ನಾ ಬಾಯಿ ಬಿಡಲಿಲ್ಲ. ಕಡೀಕ ಅವರು ಕಿಟಕ್ಯಾಗ ಹಣಿಕಿ, "ಛಲೋ ಎತ್ತು ಕಟ್ಟೀರಿ. ಇವಕ್ಕ ಹೊಟ್ಟಿ ನೊಂದ್ರ ಏನ ಕೊಡ್ತೀರಿ?" ಅಂದ್ರು.

ಎತ್ತಿನ ಮಾತು ಬಂದ್ರ ನನ್ನ ಬಾಯಿ ಸುಮ್ಮನಿರತೈತೇನು? "ದತ್ತೂರಿ ಬೀಜ ಕುಟ್ಟಿ ಬೆಲ್ಲದಾಗ ಕೊಡೂದ್ರೀ! ನೋವು ಹಾರಿ ಹೋಕ್ಕೈತಿ!"

"ಹೌದ್ರಿ? ಹಂಗಾರ ಎತ್ತು ಇಲ್ಲೇ ಮಲಗಲಿ. ನಾ ಹೇಳೋತನಕ ಅದಕ್ಕ ಹನೀನೂ ಬ್ಯಾಡ, ಉಂಡೀನೂ ಬ್ಯಾಡ," ಅಂತ ಡಾಕ್ಟರು ನನ್ನ ರಟ್ಟಿ ಹಿಡದು ಮಂಚದ ಮ್ಯಾಲ ಮಲಗಿಸಿದ್ರು.

ಮೂರು ದಿನಕ್ಕ ಎದಿ ಹದಕ್ಕ ಬಂತು. ಮುದುಕಿಗೆ ಕೊಟ್ಟ ಮಾತನ್ನಂತೂ ನಾ ಇವತ್ತಿಗೂ ಮುರದಿಲ್ಲ. ನಾ ಹೇಳಿದ್ದು ಎತ್ತಿನ ಸುದ್ದಿ.