ಬೆಲ್ಲದ ಡಬ್ಬಿಯ ಚಿಟ್ಟೆ

ನಿನ್ನೆ ಕಾಲೇಜಿನ ಲ್ಯಾಬಿನ ಹಳೆಯ ಬೀರು ತೆರೆದಾಗ ನುಸಿಗುಳಿಗೆಯ ಘಾಟು ಮೂಗಿಗೆ ಹೊಡೆಯಿತು. ಕೆಳಗಿನ ಖಾನೆಯಲ್ಲೊಂದು ಬೆಂಕಿಪೊಟ್ಟಣ. ಒಳಗೆ ಕಂದು ಬಣ್ಣದ ತೆಳ್ಳನೆಯ ರೆಕ್ಕೆಗಳು... ನಮ್ಮ ಲ್ಯಾಬಣ್ಣನವು!

ಭಾರತೀನಗರದ ಈ ಕಾಲೇಜಿನಲ್ಲೇ ನಾನು ಓದಿದ್ದು. ಆಗ ಲ್ಯಾಬಣ್ಣ ಪ್ರಾಣಿಶಾಸ್ತ್ರದ ಲ್ಯಾಬಿನ ಅಟೆಂಡರ್, ಮಳವಳ್ಳಿ ಕಡೆಯ ಕಾಡಂಚಿನ ಊರಿನವರು. ಆ ವರ್ಷದ ಭಾಷಣ ಸ್ಪರ್ಧೆಯಲ್ಲಿ ನನ್ನ ಚೀಟಿಗೆ ಬಂದ ವಿಷಯ, ಕಾಡಿನ ಚಿಟ್ಟೆ ಮತ್ತು ಮರದಲ್ಲಿ ಗೂಡು ಕಟ್ಟುವ ಗೆದ್ದಲು. ಗೆದ್ದವರಿಗೆ ಮಂಡ್ಯದ ಜಿಲ್ಲಾ ಸ್ಪರ್ಧೆ. ಕೆರಗೋಡಿನಿಂದ ಬಂದು ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿದ್ದ ನನಗೆ ಒಮ್ಮೆಯಾದರೂ ಗೆಲ್ಲಬೇಕೆಂಬ ಹಟ.

ಸಭೆಗೆ ತೋರಿಸಲೆಂದು ಲ್ಯಾಬಣ್ಣ ಒಣಗಿಸಿದ ಚಿಟ್ಟೆಯೊಂದನ್ನು ಕೊಟ್ಟರು. ನಾನೋ ಮಹಾ ಬುದ್ಧಿವಂತೆ! ನಮ್ಮ ಆಲೆಮನೆಯ ಅಚ್ಚುಬೆಲ್ಲ ತಂದಿದ್ದ ಡಬ್ಬಿಯಲ್ಲಿ ಅದನ್ನಿಟ್ಟೆ. ಸ್ಪರ್ಧೆಯ ಬೆಳಿಗ್ಗೆ ನೋಡಿದರೆ ಇರುವೆ ಸಾಲು. ಮೈ ತಿಂದು ರೆಕ್ಕೆಗಳನ್ನಷ್ಟೇ ಬಿಟ್ಟಿದ್ದವು. ಲ್ಯಾಬಿಗೆ ಓಡಿ ಗೋಳೋ ಎಂದು ಅತ್ತೆ.

"ಬೆಲ್ಲದ ಡಬ್ಬೀಲಿ ಯಾರಾದ್ರೂ ಚಿಟ್ಟೆ ಮಡುಗ್ತಾರಾ? ಮಂಡ್ಯದೋಳು ಅಂತ ತೋರ್ಸ್‌ಬುಟ್ಟೆ ಕಣವ್ವ!" ಎಂದು ನಕ್ಕು, ಜೇಬಿನಿಂದ ಈ ಪೊಟ್ಟಣ ತೆಗೆದರು. ಒಳಗಿದ್ದವು ಅವರ ಹಿತ್ತಲ ಮರದ ಗೂಡಿನಿಂದ ಮಳೆಗೆ ಎದ್ದ ಈಚಲು ಹುಳುಗಳು, ಅಂದರೆ ರೆಕ್ಕೆ ಬಂದ ಗೆದ್ದಲುಗಳು, ಜಗುಲಿಯಲ್ಲಿ ಉದುರಿಸಿದ್ದ ರೆಕ್ಕೆಗಳು.

"ಇವ್ನ ಯಾರೂ ಕಿತ್ಕೊಳ್ನಿಲ್ಲ. ಗೂಡು ಕಟ್ಟಕ್ಕೆ ಅಂತ ಗೆದ್ಲು ತಾನೇ ಉದುರ್ಸ್ತು. ಎರಡ್ನೂ ತೋರ್ಸು, ಓಗು."

ವೇದಿಕೆ ಹತ್ತಿ ಎರಡೂ ಬಗೆಯ ರೆಕ್ಕೆ ಎತ್ತಿ ಹಿಡಿದೆ. ಚಿಟ್ಟೆ ಹರಿದರೂ ಚಿಂದಿಯಾದರೂ ಸಾಯುವ ತನಕ ರೆಕ್ಕೆ ಹೊತ್ತೇ ಇರುತ್ತದೆ, ಗೆದ್ದಲು ಒಂದು ಹಾರಾಟ ಮುಗಿಸಿ ಅದನ್ನು ಕಳಚಿಟ್ಟು ಮನೆ ಹೂಡುತ್ತದೆ ಎಂದೆ. ಬೆಲ್ಲದ ಡಬ್ಬಿಯ ಕಥೆಯನ್ನೂ ಬಿಡಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ಮೊದಲ ಬಹುಮಾನ! ಬಾಗಿಲಲ್ಲಿದ್ದ ಲ್ಯಾಬಣ್ಣ ಎರಡೂ ಕೈ ಮೇಲೆತ್ತಿ, "ನಮ್ ಉಡ್ಗಿ ಕಣ್ರೋ!" ಎಂದು ಕೂಗಿದರು.

ಮಂಡ್ಯದಲ್ಲೂ ಗೆದ್ದೆ. ಆದರೆ ಆ ರೆಕ್ಕೆ, ಆ ಮಾತು ಯಾರದೆಂದು ಎರಡೂ ಕಡೆ ಹೇಳಲಿಲ್ಲ... ಪೊಟ್ಟಣವನ್ನು ಅವರಿಗೇ ಹಿಂದಿರುಗಿಸಿದೆ. ಎಸೆದಿರುತ್ತಾರೆ ಎಂದುಕೊಂಡಿದ್ದೆ.

ಈಗ ಇಲ್ಲಿ ನಾನೇ ಮೇಷ್ಟ್ರಮ್ಮ. ಇವತ್ತು ಪೊಟ್ಟಣವನ್ನು ತರಗತಿಗೆ ಒಯ್ದು ಎಲ್ಲವನ್ನೂ ಹೇಳಿದೆ.

"ಈಗ ಅವ್ರು ಎಲ್ಲವ್ರೆ ಮಿಸ್?" ಎಂದಳು ಕೊನೆಯ ಬೆಂಚಿನವಳು.

ತೀರಿಕೊಂಡರು, ಆದರೆ ಅಂದಿನ ಬಹುಮಾನ ಅವರದೇ ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಎರಡೂ ಕೈ ಮೇಲೆತ್ತಿ ಕೂಗಿದೆ: "ನಮ್ ಲ್ಯಾಬಣ್ಣ ಕಣ್ರೋ!"