ಮುಳುಗಿದವರು ಕೈ ಎತ್ತಿ

‘ನಿಮ್ಮಾಗ ಎಷ್ಟ ಮಂದಿ ನೀರಾಗ ಮುಳುಗೀರಿ?’

ನಾನು ಕೇಳಿದ್ದು ಇಷ್ಟೇ. ಗಡಹಿಂಗ್ಲಜದ ಆ ಹಾಲ್‌ನಲ್ಲಿ ಜಮಖಾನೆಯ ಮೇಲೆ ಕುಳಿತಿದ್ದ ಅಷ್ಟೂ ಜನ ಕೈ ಎತ್ತಿದರು. ಭೀಮಪ್ಪ ಕಾಕಾ ಮಾತ್ರ ಎರಡೂ ಕೈ ಎತ್ತಿದರು.

ಪುಣೆಯಿಂದ ಬಂದಿದ್ದ ಪಾಸ್ಟರ್ ಸ್ಯಾಮ್ಯುಯೆಲ್ ಸರ್ ಮುಖ ಅರಳಿತು. ಅವರು ಮರಾಠಿಯಲ್ಲಿ ಕೇಳಿದ್ದು ಎಷ್ಟು ಜನರಿಗೆ ದೀಕ್ಷಾಸ್ನಾನ ಆಗಿದೆ ಎಂದು. ಅವರಲ್ಲಿ ದೀಕ್ಷೆ ಕೊಡುವಾಗ ಪೂರ್ತಿ ನೀರಿನಲ್ಲಿ ಮುಳುಗಿಸಿ ಎತ್ತುತ್ತಾರಂತೆ. ಅದನ್ನೇ ನಾನು ಸರಳ ಕನ್ನಡಕ್ಕೆ ಇಳಿಸಿದ್ದೆ. (ಸ್ವಲ್ಪ ಹೆಚ್ಚೇ ಇಳಿಸಿಬಿಟ್ಟೆ, ಒಪ್ಪುತ್ತೇನೆ.) ಎರಡು ಕೈ ಯಾಕೆ ಎಂದು ಸರ್ ವಿಚಾರಿಸಿದರು.

‘ಎರಡ ಸಲ ಮುಳುಗೇವ್ರಿ,’ ಅಂದರು ಭೀಮಪ್ಪ ಕಾಕಾ. ‘ಮೊದಲ ಹೊಲ. ಆಮ್ಯಾಲೆ ಮನಿ.’

ಇವರೆಲ್ಲ ಮುಳುಗಡೆ ಮಂದಿ. ಬಾಗಲಕೋಟೆ ಕಡೆಯವರು. ಕೃಷ್ಣೆಯ ಹಿನ್ನೀರು ಊರಿಗೆ ಬಂತು, ಇವರು ಗಡಿ ದಾಟಿ ಇಚಲಕರಂಜಿಗೆ ಬಂದರು. ಬಂದವರು ಪವರ್‌ಲೂಮಿನ ಮುಂದೆ ನಿಂತರು, ಇನ್ನೂ ನಿಂತೇ ಇದ್ದಾರೆ. ಅಂಥವರಿಗೆ ‘ಮುಳುಗಿದ್ದೀರಾ’ ಅಂತ ಕೇಳಿದರೆ ಯಾರು ತಾನೇ ಕೈ ಕೆಳಗಿಟ್ಟಾರು?

ನಾನೇಕೆ ಅಲ್ಲಿದ್ದೆ ಅಂತ ನಿಮಗೆ ಅನ್ನಿಸಿರಬೇಕು. ನಾನು ಚರ್ಚಿನವಳಲ್ಲ. ಗುಡಿಗೂ ಪ್ರಸಾದದ ವಾಸನೆ ಹಿಡಿದೇ ಹೋಗುವವಳು. ಆದರೆ ನಮ್ಮ ಗಲ್ಲಿಯಲ್ಲಿ ಮರಾಠಿ, ಕನ್ನಡ ಎರಡನ್ನೂ ಓದಿ ಬರೆದು ಮಾಡುವ ಗ್ರ್ಯಾಜುಯೇಟ್ ನಾನೊಬ್ಬಳೇ. ಬಿ.ಎ., ಕನ್ನಡ ಮೇಜರ್! (ಈ ಅಂಕಣದಲ್ಲಿ ನನ್ನ ಬಿ.ಎ. ಬಾರದ ವಾರ ಇದೆಯೇ ಎಂದು ನೀವು ಗೊಣಗುವುದು ಗೊತ್ತು. ನಮ್ಮವ್ವ ಮಗ್ಗದ ಕಾಂಡಿಗೆ ನೂಲು ತುಂಬಿ ತುಂಬಿಯೇ ನನ್ನ ಫೀ ತುಂಬಿದವಳು. ಇನ್ನಷ್ಟು ವಾರ ಬರುತ್ತದೆ, ಸಹಿಸಿಕೊಳ್ಳಿ.)

ಕರೆದುಕೊಂಡು ಹೋದವಳು ಪಕ್ಕದ ಮನೆಯ ಕಾಶವ್ವ ಕಾಕು. ಇಪ್ಪತ್ತು ವರ್ಷದಿಂದ ಮುಳುಗಡೆ ಮಂದಿಯ ಭಾನುವಾರದ ಪ್ರಾರ್ಥನೆ ನಡೆಯುವುದು ಅವಳ ಮನೆಯ ಪಡಸಾಲೆಯಲ್ಲಿ, ಅವಳ ದನಿಯಲ್ಲಿ. ಅಕ್ಷರ ಬಾರದು. ಹಾಡುಗಳೆಲ್ಲ ಬಾಯಿಪಾಠ. ಹುಟ್ಟಿದ್ದಕ್ಕೂ ಅವಳೇ, ಸತ್ತಿದ್ದಕ್ಕೂ ಅವಳೇ, ಗಂಡ ಹೆಂಡಿರ ಜಗಳ ಬಿಡಿಸುವುದಕ್ಕೂ ಅವಳೇ. ಈಗ ಮೇಲಿನವರು (ಆಕಾಶದವರಲ್ಲ, ಆಫೀಸಿನವರು) ಒಂದು ನಿಯಮ ಮಾಡಿದ್ದಾರೆ. ಸಭೆ ನಡೆಸುವವರು ಮೂರು ದಿನದ ಟ್ರೇನಿಂಗ್ ತೆಗೆದುಕೊಂಡು ಪರೀಕ್ಷೆ ಪಾಸಾಗಬೇಕು. ಇಲ್ಲದಿದ್ದರೆ ಕೊಲ್ಹಾಪುರದಿಂದ ಒಬ್ಬ ಪಾಸ್ಟರ್ ಬಂದು ಮರಾಠಿಯಲ್ಲಿ ನಡೆಸುತ್ತಾರೆ. ಗಡಹಿಂಗ್ಲಜದಲ್ಲಿ ನಡೆದದ್ದು ಆ ಟ್ರೇನಿಂಗೇ; ಕಾಕುವಿನ ಜೊತೆ ಅವಳ ಮಂದಿಯೂ ಬಂದಿದ್ದರು.

ಸರ್ ಒಳ್ಳೆಯವರೇ. ಜನ ತಮ್ಮ ಮಾತಿನಲ್ಲೇ ಕಲಿಯಲಿ ಎಂದು ಹಟ ಹಿಡಿದು ನನ್ನನ್ನು ಕರೆಸಿದ್ದೇ ಅವರು. ಅವರ ಫಾರಂ ಮೇಲೆ ಮಾತ್ರ ‘ನಿರ್ವಾಸಿತ ಸಮುದಾಯ’ ಎಂದು ಮರಾಠಿಯಲ್ಲಿ ಅಚ್ಚಾಗಿತ್ತು. ನಿರಾಶ್ರಿತರು ಅಂತ ಬರೆದಿದ್ದಾರೆ ಎಂದು ಅರ್ಥ ಹೇಳಿದೆ. ಕಾಶವ್ವ ಕಾಕು ತನಗೆ ಆಸರೆ ಇಲ್ಲ ಅಂತ ಇವರಿಗೆ ಯಾರು ಹೇಳಿದರು, ಬೇಕಾದರೆ ಊಟಕ್ಕೆ ಬಂದು ನೋಡಿ ಹೋಗಲಿ ಎಂದಳು. ಅದನ್ನು ನಾನು ಮರಾಠಿಗೆ ತರಲಿಲ್ಲ. ಎಲ್ಲವನ್ನೂ ಅನುವಾದಿಸಬೇಕೆಂದು ಎಲ್ಲಿದೆ?

‘ಮುಳುಗಿದ’ ಪ್ರಕರಣದಿಂದ ನನ್ನ ಮಾನ ಹೋಗಿತ್ತಲ್ಲ. ಸರ್ ಬರೆದುಕೊಂಡ ಲೆಕ್ಕವನ್ನೆಲ್ಲ ಕಾಟು ಹಾಕಬೇಕಾಯಿತು. ಸರಳ ಕನ್ನಡದ ಸಹವಾಸ ಸಾಕು, ಇನ್ನು ಮೇಲೆ ಶುದ್ಧ ಕನ್ನಡವೇ ಎಂದು ಶಪಥ ಮಾಡಿ ಪ್ರಶ್ನೆಪತ್ರಿಕೆ ಅನುವಾದಕ್ಕೆ ಕುಳಿತೆ. ಒಂದು ಸ್ಯಾಂಪಲ್ ನೋಡಿ: ‘ಅನುತಪ್ತ ಸದಸ್ಯನ ಪುನರ್‌ಸ್ವೀಕಾರದ ಪ್ರಕ್ರಿಯೆಯನ್ನು ಸೋದಾಹರಣವಾಗಿ ವಿವರಿಸಿ.’

ಹೇಗಿದೆ? ನನ್ನ ಕಾಲೇಜಿನ ಮೇಷ್ಟ್ರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಅಕ್ಷರ ಬಾರದವರಿಗೆ ನಾನೇ ಓದಿ ಹೇಳಿ, ಅವರ ಉತ್ತರ ಬರೆದುಕೊಳ್ಳುವುದೆಂದು ಮೊದಲೇ ಮಾತಾಗಿತ್ತು. ಕಾಶವ್ವ ಕಾಕುವಿನ ಮುಂದೆ ಕುಳಿತು, ರೇಡಿಯೋದವರ ಹಾಗೆ ಗಂಟಲು ಸರಿಪಡಿಸಿಕೊಂಡು ಓದಿದೆ. ಅವಳು ನನ್ನ ಬಾಯಿಯನ್ನೇ ನೋಡಿದಳು. ಇನ್ನೊಮ್ಮೆ ಓದಿದೆ. ತನಗೆ ಗೊತ್ತಿಲ್ಲ ಅಂತ ಬರೆದುಬಿಡು ಎಂದಳು. ಬರೆದೆ. ಐದು ಪ್ರಶ್ನೆಗೆ ಐದು ‘ಗೊತ್ತಿಲ್ಲ’. ದುಂಡಾದ ಅಕ್ಷರದಲ್ಲಿ.

ಫೇಲ್.

ಸರ್ ಬೇಜಾರು ಮಾಡಿಕೊಂಡೇ ಹೇಳಿದರು. ಕಾಶವ್ವಬಾಯಿ ಒಳ್ಳೆಯವರು, ಆದರೆ ವಿಷಯವೇ ಗೊತ್ತಿಲ್ಲದವರ ಕೈಗೆ ಸಭೆ ಕೊಡುವುದು ಹೇಗೆ? ಬರುವ ಭಾನುವಾರದಿಂದ ಕೊಲ್ಹಾಪುರದವರು ಬರುತ್ತಾರೆ. ಇದನ್ನು ಕನ್ನಡಕ್ಕೆ ತರುವ ಕೆಲಸವೂ ನನ್ನದೇ.

ಕಾಶವ್ವ ಕಾಕು ಚೀಲಕ್ಕೆ ಸೀರೆ ತುರುಕುತ್ತಿದ್ದಳು. ತಲೆ ಎತ್ತಲಿಲ್ಲ.

‘ನಮ್ಮ ಮುದುಕರು ಸಾಯೂಮುಂದ ಮರಾಠಿ ಕಲೀಬೇಕೇನ್ರಿ, ಅಕ್ಕೋರ?’

ಹುಟ್ಟಿದಾಗಿನಿಂದ ನನ್ನನ್ನು ‘ಯವ್ವಾ’ ಎನ್ನುವವಳು. ಅವಳ ಬಾಯಲ್ಲಿ ‘ಅಕ್ಕೋರ’ ಅಂದರೆ ಶಾಲೆಯ ಟೀಚರ್ ಅಲ್ಲ, ಕಪಾಳಕ್ಕೆ ಒಂದು.

ಚಹಾದ ಹೊತ್ತಿಗೆ ಅವಳೇ ಬಂದು ಪಕ್ಕದಲ್ಲಿ ಕುಳಿತಳು. ಆ ಉದ್ದನೆಯ ಪ್ರಶ್ನೆಯಲ್ಲಿ ಏನಿತ್ತು ಎಂದು ಕೇಳಿದಳು. ನನ್ನ ಶುದ್ಧ ಕನ್ನಡ ಅಷ್ಟು ಹೊತ್ತಿಗೆ ಚಹಾದಲ್ಲಿ ಕರಗಿತ್ತು. ತಪ್ಪು ಮಾಡಿ ಸಭೆ ಬಿಟ್ಟು ಹೋದವನು ತಿರುಗಿ ಬಂದರೆ ಹೆಂಗ ಒಳಗ ಕರ್ಕೋತೀರಿ ಅಂತ ಕೇಳ್ಯಾರ, ಅಂದೆ.

‘ಇಷ್ಟನ?’ ಅಂದಳು. ‘ಹಿಂಗ್ಯಾಕ ಕೇಳಲಿಲ್ಲ ನೀ?’

ಆಮೇಲೆ ಹೇಳಿದಳು. ಭೀಮಪ್ಪ ಕಾಕಾ ಒಮ್ಮೆ ಕುಡಿದು ಬಂದು ಪ್ರಾರ್ಥನೆಯ ನಡುವೆ ಎಲ್ಲರಿಗೂ ಬೈದು ಹೋಗಿದ್ದರಂತೆ. ಆರು ತಿಂಗಳು ಪತ್ತೆ ಇಲ್ಲ. ಒಂದು ಭಾನುವಾರ ಬಂದು ಚಪ್ಪಲಿ ಬಿಡುವ ಕಡೆ ನಿಂತರಂತೆ. ಒಳಗೂ ಬರಲೊಲ್ಲರು, ಹೊರಗೂ ಹೋಗಲೊಲ್ಲರು.

‘ನಾ ಏನೂ ಕೇಳಲಿಲ್ಲ ಯವ್ವಾ. ಜಮಖಾನಿ ಹಾಸಾಕತ್ತಿದ್ದೆ. ಬಾ, ಈ ತುದಿ ಹಿಡಿ ಅಂದೆ. ಹಿಡದ. ಹಾಸೀದ ಮ್ಯಾಲೆ ಅದರ ಮ್ಯಾಲೆ ಕುಂತ. ಮಗ್ಗದಾಗ ಎಳಿ ಕಡದ್ರ ಗಂಟ ಹಾಕತೀವೋ, ಎಳೀಗೆ ಬೈಕೋಂತ ಕುಂದರತೀವೋ?’

ಚಹಾ ತಣ್ಣಗಾಗಿತ್ತು. ಫೇಲಾದವರು ಯಾರು ಎಂದು ನನಗೆ ಸ್ಪಷ್ಟವಾಗಿತ್ತು.

ಸರ್ ಹತ್ತಿರ ಹೋಗಿ ತಪ್ಪು ನನ್ನದು ಎಂದೆ. ಕಷ್ಟ ಸ್ವಾಮಿ! ಮನೆತನಕ್ಕೇ ಮೊದಲ ಡಿಗ್ರಿ ತಂದವಳು, ನಾನು ಬರೆದ ಕನ್ನಡ ಕನ್ನಡದವರಿಗೇ ತಿಳಿಯಲಿಲ್ಲ ಎಂದು ಮರಾಠಿಯಲ್ಲಿ ಒಪ್ಪಿಕೊಳ್ಳುವುದು ಸಣ್ಣ ಮಾತೇ? ಸರ್ ಅಲ್ಲೇ ಇನ್ನೊಂದು ಅವಕಾಶ ಕೊಟ್ಟರು. ಷರತ್ತು ಒಂದೇ. ಕಾಕು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು.

ಬರೆದೆ. ಆದರೆ ಬಿ.ಎ. ಕೈ ಸುಮ್ಮನಿರುತ್ತದೆಯೇ? ಜಮಖಾನೆ ಅನ್ನುವ ಕಡೆ ನನ್ನ ಪೆನ್ನು ತಾನಾಗಿಯೇ ‘ಆಸನ ವ್ಯವಸ್ಥೆ’ ಎಂದಿತು. ಕಾಶವ್ವ ಕಾಕು ಪ್ರತಿ ಉತ್ತರವನ್ನೂ ಓದಿಸಿ ಕೇಳುತ್ತಿದ್ದಳು. ‘ಆಸನ ಯಾರಂದ್ರು? ಹೊಡಿ ಅದನ್ನ.’ ಹೊಡೆದೆ. ಇಡೀ ಮೂರು ವರ್ಷದ ಡಿಗ್ರಿಯಲ್ಲಿ ನನ್ನ ಉತ್ತರಪತ್ರಿಕೆಯನ್ನು ಯಾರೂ ಇಷ್ಟು ಕಟ್ಟುನಿಟ್ಟಾಗಿ ತಿದ್ದಿರಲಿಲ್ಲ.

ಅದನ್ನು ಮರಾಠಿಯಲ್ಲಿ ಓದಿ ಹೇಳಿದಾಗ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ನಾಳೆ ಆ ಪಾಠ ನೀವೇ ಮಾಡಿ ಕಾಶವ್ವಬಾಯಿ, ನಾನು ಕೇಳುತ್ತೇನೆ ಎಂದರು. ಪಾಸ್. ಕೊಲ್ಹಾಪುರದವರಿಗೆ ಬರುವುದು ಬೇಡ ಎಂದು ಅಲ್ಲಿಂದಲೇ ಫೋನ್ ಹೋಯಿತು. ಮರುದಿನ ಪಾಠ ಶುರುವಾಗುವ ಮುನ್ನ ಜಮಖಾನೆ ಹಾಸಿದವರು ಇಬ್ಬರು. ಒಂದು ತುದಿ ಭೀಮಪ್ಪ ಕಾಕಾ, ಇನ್ನೊಂದು ಪುಣೆಯ ಸರ್.

ತಿರುಗಿ ಬರುವಾಗ ಎಸ್.ಟಿ. ಬಸ್ಸಿನಲ್ಲಿ ಕಾಶವ್ವ ಕಾಕು ಕಿಟಕಿ ಹಿಡಿದು ಕುಳಿತಿದ್ದಳು. ಸರ್ಟಿಫಿಕೇಟು ಮಡಿಲಲ್ಲಿ, ಮಡಿಕೆ ಬೀಳದ ಹಾಗೆ. ಬಸ್ಸು ಕಾಗಲ ದಾಟಿತು. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದಳು.

‘ಅಲ್ಲ ಯವ್ವಾ, ನಿನ್ನ ಬಿ.ಎ. ಯಾವ ಭಾಷಾದಾಗ ಆಗೈತಿ?’

ಮರಾಠಿ ಅಂದುಬಿಟ್ಟೆ. ಕನ್ನಡದ ಮಾನ ಯಾರಾದರೂ ಉಳಿಸಬೇಕಿತ್ತಲ್ಲ?